ಅಕ್ಕನ ಕೈಯ ಆನಿ

ನನ್ನ ಲಗ್ನ ಆದದ್ದು ಒಂದು ಸುಳ್ಳಿನಿಂದ. ಆ ಸುಳ್ಳು ಹೇಳಿದಾಕಿ ನಾನು, ಬ್ಯಾರೆ ಯಾರೂ ಅಲ್ಲ. ಈಗ ಮುದುಕಿ ಆಗೀನಂತ ಅದನ್ನ ಮೆತ್ತಗ ಮಾಡಿ ಹೇಳೂದಿಲ್ಲ.

ನಮ್ಮಕ್ಕಗ ಸಣ್ಣಾಕಿದ್ದಾಗ ಸಿಡುಬು ಎದ್ದು ಎಡಗಣ್ಣು ಹೋಗಿತ್ತು. ಉಳಿದ ಒಂದು ಕಣ್ಣಿಲೆ ಆಕಿ ಮಣಿ ಪೋಣಿಸಿ ಗಿಳಿ, ನವಿಲು, ಆನಿ ಮಾಡ್ತಿದ್ಳು. ಒಂದು ಸಣ್ಣ ಹಿತ್ತಾಳಿ ತಂತಿ, ಒಂದು ಹಿಡಿ ಕಾಜಿನ ಮಣಿ, ಅಷ್ಟ. ಒಂದೊಂದು ಸಾಲಿಗೂ ತಂತಿಯ ಎರಡೂ ತುದಿ ಎದುರಾಬದುರಾ ತೂರಿಸಿ ಜಗ್ಗಬೇಕು. ಜಾಸ್ತಿ ಜಗ್ಗಿದ್ರ ಮಣಿ ಒಡೀತೈತಿ, ಕಡಿಮಿ ಜಗ್ಗಿದ್ರ ಆನಿ ಹೊಟ್ಟಿ ಜೋತು ಬೀಳ್ತೈತಿ. ನಾನೂ ಒಮ್ಮೆ ಗಿಳಿ ಮಾಡಿದ್ದೆ. ನಮ್ಮವ್ವ ನೋಡಿ, "ಇದೇನ, ಬದನೀಕಾಯಿ?" ಅಂದ್ಳು.

ಆಗೆಲ್ಲ ಹೆಣ್ಣು ನೋಡಾಕ ಬಂದ್ರ ಹುಡುಗಿ ಕೈಕೆಲಸ ಹಲಗಿ ಮ್ಯಾಲೆ ಜೋಡಿಸಿ ತೋರಿಸೋ ಪದ್ಧತಿ. ಆಲೂರಿನ ಹತ್ತಿ ವ್ಯಾಪಾರಸ್ಥರು ನಮ್ಮ ಆದವಾನಿ ಮನಿಗೆ ಬಂದದ್ದು ಅಕ್ಕನ್ನ ನೋಡಾಕ. ಕಣ್ಣಿನ ಸುದ್ದಿ ಅಪ್ಪ ಮೊದಲೇ ಹೇಳಿದ್ದ. ಆದ್ರೂ ಹುಡುಗನ ತಾಯಿ ಅಕ್ಕನ ಮುಖ ನೋಡಿ ಮಾರಿ ಕಿವುಚಿದ್ಳು. ಆಮ್ಯಾಲೆ ಹಲಗಿ ಮ್ಯಾಲಿದ್ದ ಅಕ್ಕನ ಆನಿ ಕಡೆ ನೋಡಿದ್ಳು. ಅಂಗೈ ಮ್ಯಾಲೆ ಇಟ್ಕೊಂಡು, "ಅಬ್ಬಬ್ಬಾ, ಎಷ್ಟು ಚಂದ ಐತಿ, ಬಾಗುಂದಿ! ಒಂದು ಕಣ್ಣಿಲ್ದಿದ್ರ ಏನಾತು, ಇಂಥಾ ಕೈ ಇದ್ದಾಕಿ ನಮ್ಮನಿಗೆ ಬೇಕು. ಇದು ನಿಂದೇನವ್ವಾ?" ಅಂದ್ಳು.

ಅಕ್ಕ ತಲಿ ತಗ್ಗಿಸಿ ಕೂತಿದ್ಳು. ನಾನು ಕದದ ಸಂದಿಯಿಂದ ಹುಡುಗನ್ನ ನೋಡಿದ್ದೆ. ಎತ್ತರದ ಆಳು, ಕೆಂಪಗಿದ್ದ, ನಗತಿದ್ದ. ಒಕ್ಕಣ್ಣಿಗೆ ಇಂಥವನಾ? ಹೊರಗ ಬಂದು, "ನಂದ್ರೀ, ನಾ ಮಾಡಿದ್ದು" ಅಂದುಬಿಟ್ಟೆ.

ಅಪ್ಪ ಬಾಯಿ ತೆಗದ. ಅಷ್ಟ್ರಾಗ ನಮ್ಮಜ್ಜಿ, "ಹೌದ್ರಿ, ಸಣ್ಣಾಕಿ ಕೈ ಭಾಳ ಚಲೋ" ಅಂತ ಸೇರಿಸಿದ್ಳು. ಎರಡು ಹೆಣ್ಣಿನಾಗ ಒಂದರ ದಾಟ್ಲಿ ಅಂತ ಮುದುಕಿ ಲೆಕ್ಕ. ಬಾಯಿ ಬಿಟ್ರ ಬಣ್ಣಗೇಡು ಅಂತ ಅಪ್ಪ ಸುಮ್ಮನಾದ. ಅಕ್ಕ ಎದ್ದು ಒಳಗ ಹೋದ್ಳು. ಆಕಿಗೆ ಹಾಕಿದ್ದ ಹೂವು ಅವತ್ತ ನನ್ನ ತಲಿಗೆ ಬಂತು.

ಸುಳ್ಳು ಹೇಳಿದ್ರ ಸಾಕಾ, ಸಾಕಬೇಕಲ್ಲ! ಅತ್ತಿ ಮಾತು ಮಾತಿಗೆ ಮಣಿ ಕೆಲಸ ಮಾಡು ಅನ್ನೋಳು. "ಯಾರರ ನೋಡಿದ್ರ ನನಗ ಕೈ ಓಡೂದಿಲ್ರಿ ಅತ್ತಿ, ತವರಿಗೆ ಹೋದಾಗ ಮಾಡ್ತೀನಿ" ಅಂತಿದ್ದೆ. ಪಂಚಮಿಗೆ ತವರಿಗೆ ಹೋಗೋದು, ಅಕ್ಕನ ಕೈಲೆ ಎರಡು ಮಾಡಿಸ್ಕೊಂಡು ಬರೋದು. ಯುದ್ಧ ಬಂದು ಸೀಮಿ ಮಣಿ ಬಜಾರಕ್ಕ ಬರೋದು ನಿಂತಾಗ, ಆಕಿ ತಾನು ಮಾಡಿಟ್ಟ ನವಿಲು ಬಿಚ್ಚಿ ಆ ಮಣಿಲೆ ನನಗ ಆನಿ ಮಾಡಿಕೊಟ್ಳು. "ಯಾಕ ಮಾಡಿಕೊಡ್ತೀಯೇ?" ಅಂತ ಒಮ್ಮೆ ಕೇಳಿದೆ. "ನಂದಂತೂ ಹೋತು, ನಿಂದೂ ಹೋಗಬಾರ್ದು" ಅಂದ್ಳು. ನನಗ ಅಳುವರ ಬಂತಾ? ಇಲ್ಲ. ಸೊಂಡಿ ಸ್ವಲ್ಪ ಮ್ಯಾಲೆ ಎತ್ತು ಅಂದೆ. ಉಂಡ ಮನಿ ಗಳ ಎಣಿಸಾಕಿ ಅಂತ ಬೈತಾರಲ್ಲ, ಅಂಥಾಕಿ ನಾನು.

ಮೂರನೇ ವರ್ಷ ನಾದಿನಿ ಬಾಣಂತನಕ್ಕ ಬಂದ್ಳು. ಮನಿ ತುಂಬ ಕೆಲಸ, ನನ್ನ ತವರಿಗೆ ಕಳಿಸ್ಲಿಲ್ಲ. ಕೂಸಿನ ತೊಟ್ಟಿಲಿಗೆ ಕಟ್ಟಾಕ ಆನಿ ಬೇಕಂತ ಅತ್ತಿ ಹುಕುಂ ಆತು. "ತವರಾಗ ಒಂದು ಮಾಡಿಟ್ಟೀನ್ರಿ, ಅಪ್ಪ ತರ್ತಾನ" ಅಂದೆ. ಗುಟ್ಟಾಗಿ ಅಕ್ಕಗ ಹೇಳಿ ಕಳಿಸಿದೆ.

ತೊಟ್ಟಿಲ ದಿನ ಅಪ್ಪ ಬಂದ. ಪಡಸಾಲಿ ತುಂಬ ಹೆಣ್ಣುಮಕ್ಕಳು. ಅವರ ನಡುವ ಅತ್ತಿ ಗಂಟು ಬಿಚ್ಚಿದ್ಳು. ಆನಿ ಬಂತು. ಬಾಲ ಇರೋ ಕಡೆ ಸೊಂಡಿ, ಕರಿ ಮಣಿ ಕಣ್ಣು ಹೊಟ್ಟಿ ಮ್ಯಾಲೆ, ನಾಕು ಕಾಲು ನಾಕು ಅಳತಿ. ಎಲ್ಲಾರೂ ಬಿದ್ದು ಬಿದ್ದು ನಕ್ಕರು. ಎಲ್ಲಾರಿಗಿಂತ ಜೋರು ನಕ್ಕಾಕಿ ನಾನು.

ಅತ್ತಿ ನಗಲಿಲ್ಲ. "ಏನವ್ವಾ, ಇದು ನಿನ್ನ ಕೈಯೇನು?" ಅಂದ್ಳು. ಆಕಿ ದನಿಯಾಗ ಅನುಮಾನ ಇತ್ತು.

"ಅಯ್ಯ, ನಂದಲ್ರೀ ಅತ್ತಿ! ಇದು ನಮ್ಮ ಒಕ್ಕಣ್ಣಿ ಮಾಡಿದ್ದು. ನಂದು ಬಿಟ್ಟು ತಾ ಮಾಡಿದ್ದನ್ನ ಕಳಿಸ್ಯಾಳ, ಹೊಟ್ಟಿಕಿಚ್ಚಿನಾಕಿ."

ಮೂರು ವರ್ಷದಾಗ ಆ ಕೆಲಸಕ್ಕ ಅಕ್ಕನ ಹೆಸರು ಹೇಳಿದ್ದು ಅದೊಂದ ಸಲ.

ಅಪ್ಪ ಕಟ್ಟಿ ಮ್ಯಾಲೆ ಕೂತು ಎಲ್ಲಾ ಕೇಳಿಸ್ಕೊಂಡ. ಕೊಟ್ಟ ನೀರಿನ ಚೊಂಬು ಮುಟ್ಟಲಿಲ್ಲ. ಹೊರಟಾಗ ಅಂಗಳದ ತನಕ ಹೋದೆ. ಅಪ್ಪ ತಿರುಗಿ ಹೇಳಿದ: "ಆಕಿಗೆ ಆ ಕಣ್ಣೂ ಹೋಗಿ ಎರಡು ತಿಂಗಳಾತವ್ವಾ. ನಿನಗ ಹೇಳಬ್ಯಾಡ ಅಂದ್ಳು. ಒಂದೊಂದು ಮಣಿ ತಡವಿ ತಡವಿ ಮಾಡ್ಯಾಳ. ಚಲೋ ಬಂದೈತೇನು ಅಂತ ಕೇಳ್ಕೊಂಡು ಬಾ ಅಂದಾಳ. ಏನಂತ ಹೇಳ್ಲಿ?"

ಹಿಂದ ಅತ್ತಿ ಹೊಸ್ತಿಲಿಗೆ ಬಂದು ನಿಂತಿದ್ಳು. ಆಕಿಗೆ ಕೇಳಿಸೋ ಹಂಗ ಅಂದೆ: "ಬರಲಾರದ ಕೆಲಸಕ್ಕ ಕೈ ಹಾಕಬ್ಯಾಡ ಅಂತ ಹೇಳಪ್ಪಾ ಆಕಿಗೆ."