ಲೆಸ್ಟರ್ ಹಾಕಿದ ಸಾಕ್ಷಿ ಸಹಿ

ಉಡುಪಿಯ ಕೋರ್ಟಿನಲ್ಲಿ ನಾನು ಕಳ್ಳರ ಪರ ವಾದಿಸುವವ. ಗೆಳೆಯ ಲೀಲಾಧರ ಮರ್ಯಾದಸ್ಥರ ವಕೀಲ. ಉಯಿಲು, ಕುಟುಂಬದ ಟ್ರಸ್ಟು, ತೆರಿಗೆ, ಅಷ್ಟೇ ಅವನ ಕೆಲಸ. ಯಾರ ಕಕ್ಷಿಗಾರರು ವಾಸಿ ಎಂದು ದಯವಿಟ್ಟು ಕೇಳಬೇಡಿ. ಕಾರ್ಕಳದಿಂದ ಕಾಪುವಿನವರೆಗೆ ಯಾವ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಯಾವ ಮಾವ ಅಳಿಯನಿಗೆ ತಿಳಿಯದಂತೆ ಯಾರ ಹೆಸರಿಗೆ ತೋಟ ಬರೆದಿದ್ದಾನೆ, ಎಲ್ಲವೂ ಅವನ ಹೊಟ್ಟೆಯೊಳಗೆ. ಕುಡಿಸಿದರೂ ಬಾಯಿ ಬಿಡುವ ಪ್ರಾಣಿಯಲ್ಲ, ನಾನು ಪ್ರಯತ್ನಿಸಿ ಸೋತಿದ್ದೇನೆ. ಪಾಸ್ಕಲರ ವಿಷಯ ಮಾತ್ರ ತಾನಾಗಿ ಹೇಳಿದ. ಹೇಳದಿದ್ದರೆ ಅವನ ಎದೆ ಒಡೆಯುತ್ತಿತ್ತು.

ಶಂಕರಪುರದ ಪಾಸ್ಕಲ್ ಮಕ್ಕಳಿಲ್ಲದ ವಿಧುರ. ಅವರನ್ನೂ ಅವರ ಮಲ್ಲಿಗೆ ತೋಟವನ್ನೂ ನೋಡಿಕೊಂಡಿದ್ದವರು ತೀರಿಹೋದ ಹೆಂಡತಿಯ ಅಕ್ಕನ ಮಗಳು ಲೀನಾ ಮತ್ತು ಅವಳ ಗಂಡ ಲೆಸ್ಟರ್. ಉಯಿಲಿಲ್ಲದೆ ಪಾಸ್ಕಲ್ ಹೋದರೆ ಎಲ್ಲವೂ ದುಬೈಯಲ್ಲಿರುವ ಅಣ್ಣನ ಮಗ ಕ್ಲಾಯ್ಡ್‌ಗೆ. ಲೀನಾಳಿಗೆ ತಲೆಯ ಮೇಲೆ ಸೂರೂ ಇಲ್ಲ. ಉಯಿಲು ಬರೆದರೆ ಸಾವು ವಿಳಾಸ ಕೇಳಿಕೊಂಡು ಬರುತ್ತದೆ ಎಂದು ಮುಂದೂಡುತ್ತಿದ್ದ ಮುದುಕರು ಅಂತೂ ಒಂದು ಸಂಜೆ ಒಪ್ಪಿದರು. ಲೀಲಾಧರ ಅವರ ಮನೆಯಲ್ಲೇ ಕೂತು ಎಲ್ಲವೂ ಲೀನಾಳಿಗೆ ಎಂದು ಬರೆದ. ಬರಬೇಕಿದ್ದ ಎರಡನೆಯ ಸಾಕ್ಷಿ ಬರಲಿಲ್ಲ. ಮುದುಕರ ಮನಸ್ಸು ಎಲ್ಲಿ ತಿರುಗುತ್ತದೋ ಎಂದು ಹೆದರಿ ಲೆಸ್ಟರ್ ತೋಟದಿಂದ ಓಡಿ ಬಂದ, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸಾಕ್ಷಿ ಸಹಿ ಹಾಕಿದ.

ಲೀಲಾಧರ ಸುಮ್ಮನೆ ನೋಡುತ್ತಿದ್ದ. ಅವನು ಬರೆದ ಉಯಿಲುಗಳಲ್ಲಿ ಹೆಚ್ಚಿನವು ಹಿಂದೂಗಳವು. ಅಲ್ಲಿ ಇದು ನಡೆಯುತ್ತದೆ. ಕ್ರೈಸ್ತರ ಉಯಿಲಿಗೆ ಆಸ್ತಿ ಪಡೆಯುವವರಾಗಲಿ, ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ ಅವರಿಗೆ ಕೊಟ್ಟದ್ದು ರದ್ದು. ಅಷ್ಟು ಅನುಭವಸ್ಥ, ಆ ಹೊತ್ತಿಗೆ ಅವನ ಬುದ್ಧಿಗೆ ಏನು ಗ್ರಹಚಾರ ಬಡಿಯಿತೋ!

ಕಟಪಾಡಿ ದಾಟುವಾಗ ನೆನಪಾಯಿತು. ಕಾರು ತಿರುಗಿಸಿ ಹೋಗಿ ಪಾಸ್ಕಲರಿಗೆ ಬಿಡಿಸಿ ಹೇಳಿದ. ಅವರು ಪೆನ್ನು ಮುಟ್ಟಲಿಲ್ಲ.

"ಸಾವಿನ ಕಾಗದಕ್ಕೆ ಒಂದೇ ದಿನ ಎರಡೆರಡು ಸಹಿಯಾ ಮಾರಾಯ್ರೆ? ಇಗರ್ಜಿಯ ಹಬ್ಬ ಮುಗಿಯಲಿ, ಆಮೇಲೆ ನೋಡುವ."

ಲೀನಾಳಿಗೂ ಲೆಸ್ಟರನಿಗೂ ಹೇಳಿ ಹೆದರಿಸಬೇಡಿ ಎಂದು ಆಣೆಯನ್ನೂ ಹಾಕಿಸಿದರು. ಅಂದಿನಿಂದ ಫೋನು ಬಡಿದರೆ ಸಾಕು, ಲೀಲಾಧರನ ಮುಖ ಬಿಳುಚುತ್ತಿತ್ತು. ಹಬ್ಬಕ್ಕೆ ಮೊದಲೇ ಪಾಸ್ಕಲ್ ಅಂಗಳದಲ್ಲಿ ಕುಸಿದರು. ಮಣಿಪಾಲದ ಆಸ್ಪತ್ರೆಯಲ್ಲಿ ಅವರಿಗೆ ಮತ್ತೆ ಎಚ್ಚರವಾಗಲೇ ಇಲ್ಲ.

ಮಣ್ಣು ಮಾಡಿದ ದಿನ ನಾನೂ ಜೊತೆಗೆ ಹೋಗಿದ್ದೆ. ಕ್ಲಾಯ್ಡ್ ಉಯಿಲು ಕೇಳಿ ತೆಗೆದುಕೊಂಡ. ಸಾಕ್ಷಿಗಳ ಹೆಸರು ಓದಿದ, ಮತ್ತೊಮ್ಮೆ ಓದಿದ, ಮಡಚಿ ಕೊಟ್ಟ. ಆಮೇಲೆ ನಗುತ್ತಾ ಲೀನಾಳ ಹತ್ತಿರ ಕಾಫಿ ಕೇಳಿದ. ಆ ನಗು ನೋಡಿ ನನಗೆ ನನ್ನ ಕಳ್ಳರೇ ದೇವರು ಅನಿಸಿತು.

ಲೀಲಾಧರ ಅಡುಗೆಮನೆಗೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದ. ತಪ್ಪು ತನ್ನದು, ತನ್ನ ಮೇಲೆಯೇ ಕೇಸು ಹಾಕಿ, ಕಟಕಟೆಯಲ್ಲಿ ನಿಂತು ಒಪ್ಪಿಕೊಳ್ಳುತ್ತೇನೆ ಎಂದ. ನಾನು ಬಾಗಿಲಲ್ಲೇ ಇದ್ದೆ. ಅವಳು ಒಲೆ ಆರಿಸಿದಳು. ಕಿಟಕಿಯ ಆಚೆ ಲೆಸ್ಟರ್ ಬಾಡಿಗೆಯ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಿದ್ದ.

"ಮನೆ ಹೋಗಲಿ ಸರ್," ಎಂದಳು. "ಸಹಿಯ ವಿಷಯ ಇವರಿಗೆ ಮಾತ್ರ ಹೇಳಬೇಡಿ. ಗೊತ್ತಾದರೆ ಇವರು ಬದುಕುವುದಿಲ್ಲ."