ನಮ್ಮ ರಾಕ್ ಸ್ಟಾರ್‌ನ ಶ್ರುತಿ

ಭದ್ರಾವತಿಯ ಗಣಪತಿ ಪೆಂಡಾಲುಗಳ ಪೋಸ್ಟರುಗಳಲ್ಲಿ ನಮ್ಮ ಗಾಯಕರ ಫೋಟೋದ ಕೆಳಗೆ 'ರಾಕ್ ಸ್ಟಾರ್' ಎಂದು ಅಚ್ಚಾಗಿರುತ್ತಿತ್ತು. ಹಗಲು ಕಾರ್ಖಾನೆಯ ಕೆಲಸ, ಸಂಜೆ ನಮ್ಮ ಆರ್ಕೆಸ್ಟ್ರಾದಲ್ಲಿ ಹಾಡು. ಚರ್ಮದ ಜಾಕೆಟ್ಟು ಹಾಕಿಕೊಂಡು, ಕೊನೆಯ ಚರಣಕ್ಕೆ ಮಂಡಿಯೂರಿ ತಾರಸ್ಥಾಯಿಗೆ ಏರಿದರೆಂದರೆ ಜನ ಕುರ್ಚಿ ಹತ್ತಿ ನಿಲ್ಲುತ್ತಿದ್ದರು. ಹೆಗಲಿಗೆ ಗಿಟಾರು ಇರುತ್ತಿತ್ತು, ಅದರಿಂದ ಸ್ಪೀಕರಿಗೆ ವೈರು ಇರುತ್ತಿರಲಿಲ್ಲ. ಈ ಗುಟ್ಟು ಕೀಬೋರ್ಡ್ ನುಡಿಸುವ ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಊರಿಗೆಲ್ಲ ಗೊತ್ತಿತ್ತಂತೆ.

ಐವತ್ತು ದಾಟಿದ ಮೇಲೆ ಮಂಡಿ ಕೈಕೊಟ್ಟಿತು. ಇನ್ನು ಮಂಡಿಯೂರಬೇಡಿ ಎಂದು ಡಾಕ್ಟರು ಹೇಳಿದ ದಿನದಿಂದ ಅವರ ಸಂಗೀತ ಗಂಭೀರವಾಯಿತು. ಜಾಕೆಟ್ಟು ಹೋಗಿ ಬಿಳಿ ಜುಬ್ಬಾ ಬಂತು, ಕೂರಲು ಎತ್ತರದ ಸ್ಟೂಲು ಬಂತು, ಪ್ರತಿ ಹಾಡಿಗೂ ಮುಂಚೆ ಬದುಕಿನ ಬಗ್ಗೆ ಹತ್ತು ನಿಮಿಷದ ಭಾಷಣ ಬಂತು. ಜೊತೆಗೆ ಬೇರೆ ಬೇರೆ ಬಗೆಯ ಸಂಗೀತ ಬೆರೆಸುವ ಫ್ಯೂಷನ್ ಹುಚ್ಚು. ಮಲವಗೊಪ್ಪದ ಮದುವೆ ಬ್ಯಾಂಡಿನ ಕ್ಲಾರಿನೆಟ್‌ನವರನ್ನು ಒಮ್ಮೆ ಕರೆಸಿದರು. ನಿಂತಲ್ಲೇ ನಿಂತು ನುಡಿಸಿ ಅಭ್ಯಾಸವಿಲ್ಲದ ಅವರು ಹಾಡು ಮುಗಿಯುವಷ್ಟರಲ್ಲಿ ವೇದಿಕೆಯ ಮೆಟ್ಟಿಲಿಳಿದು ಪ್ರೇಕ್ಷಕರ ನಡುವೆ ಇದ್ದರು.

ವಯಸ್ಸಾದಷ್ಟೂ ಕಂಠ ಮಾಗುತ್ತದೆ, ತಮ್ಮ ಶ್ರುತಿ ಕೂದಲೆಳೆಯಷ್ಟೂ ಇಳಿದಿಲ್ಲ ಎಂದು ಮೈಕಿನಲ್ಲೇ ಹೇಳಿಕೊಳ್ಳುತ್ತಿದ್ದರು. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದ, ಅವರದೇ ವಯಸ್ಸಿನ ಗಾಯಕರೊಬ್ಬರು ದನಿ ಒಡೆದು ಹಾಡುವುದನ್ನು ಬಿಟ್ಟಾಗ, ಸಾಧನೆ ಸಾಲದವರ ಗತಿ ಇಷ್ಟೇ ಎಂದು ಸಭೆಯನ್ನು ನಗಿಸಿದರು. ನಾನು ತಲೆ ತಗ್ಗಿಸಿ ಕೀಬೋರ್ಡ್ ನೋಡುತ್ತಿದ್ದೆ. ಅದರಲ್ಲೊಂದು ಬಟನ್ ಇದೆ. ಒಮ್ಮೆ ಒತ್ತಿದರೆ ಇಡೀ ಹಾಡಿನ ಶ್ರುತಿ ಒಂದು ಮನೆ, ಅಂದರೆ ಅರ್ಧ ಸ್ವರದಷ್ಟು, ಕೆಳಗಿಳಿಯುತ್ತದೆ, ಬೆರಳು ಬದಲಿಸಬೇಕಾಗಿಲ್ಲ. ಅವರ ದನಿ ಮೊದಲು ತಡವರಿಸಿದ ವರ್ಷ ಒಮ್ಮೆ ಒತ್ತಿದ್ದೆ. ಆರು ವರ್ಷಗಳಲ್ಲಿ ನಾಲ್ಕು ಮನೆ ಇಳಿಸಿದ್ದೆ. ನಾನು ಕೊಟ್ಟ ಶ್ರುತಿ ಹಿಡಿದು ಹಾಡುವ ಅವರಿಗೆ ಅದು ತಿಳಿಯಲಿಲ್ಲ. ಕರುಣೆಯಿಂದ ಮಾಡಿದೆ ಎನ್ನಬಹುದು. ನಿಜವೆಂದರೆ ಅವರು ನಿಲ್ಲಿಸಿದರೆ ನನ್ನನ್ನು ವೇದಿಕೆಗೆ ಕರೆಯುವವರು ಬೇರೆ ಯಾರೂ ಇರಲಿಲ್ಲ.

ಕಡೆಗೆ ಜನ್ನಾಪುರದ ಹೆಂಗಸರ ಭಜನಾ ಮಂಡಳಿಯ ಜೊತೆ ಒಂದು ಸಿ.ಡಿ. ಮಾಡಲು ಹೊರಟರು. ಅದೇ ತಮ್ಮ ಕೊನೆಯದು, ತಾವು ಹೋದ ಮೇಲೂ ಉಳಿಯಬೇಕು ಎಂದರು. ಮಂಡಳಿ ನಡೆಸುತ್ತಿದ್ದ ನಿವೃತ್ತ ಟೀಚರ್ ಹಾಕಿದ್ದು ಒಂದೇ ಷರತ್ತು: ಕೀಬೋರ್ಡ್ ಬೇಡ, ತಮ್ಮ ಹಾರ್ಮೋನಿಯಂ ಸಾಕು. ಇದು ಬೇಡ ಎನ್ನಲು ಮೂರು ಕಾರಣ ಕೊಟ್ಟೆ. ಮೂರೂ ಅವರಿಗೆ ಹೊಟ್ಟೆಕಿಚ್ಚಿನಂತೆ ಕಂಡವು.

ಮೊದಲ ಅಭ್ಯಾಸದ ದಿನ ಟೀಚರ್ ಶ್ರುತಿ ಯಾವುದೆಂದು ಕೇಳಿದರು. ಇವರು ಕಾಲ ಮೇಲೆ ಕಾಲು ಹಾಕಿಕೊಂಡು, "ಕರಿ ಎರಡು. ಮೂವತ್ತು ವರ್ಷದಿಂದ ಅದೇ" ಎಂದರು. ಟೀಚರ್ ಎರಡನೆಯ ಕಪ್ಪು ಮನೆ ಹಿಡಿದರು. ಪಲ್ಲವಿ ಹೇಗೋ ದಾಟಿತು. ಚರಣದಲ್ಲಿ ಸ್ವರ ಮೇಲೇರುತ್ತಲೇ ದನಿ ಒಡೆಯಿತು. ಕೆಮ್ಮಿದರು, ನೀರು ಕುಡಿದರು, ಮತ್ತೆ ಒಡೆಯಿತು. ಹಾರ್ಮೋನಿಯಂ ಸರಿಯಿಲ್ಲ ಎಂದರು. ಟೀಚರ್ ವಾದಿಸದೆ ಒಂದೊಂದೇ ಮನೆ ಇಳಿಸುತ್ತ ಹೋದರು. ನಾಲ್ಕನೆಯದಕ್ಕೆ ಹಾಡು ಸಲೀಸಾಗಿ ಬಂತು.

ಅವರು ಹಾಡು ನಿಲ್ಲಿಸಿ, ಮೂಲೆಯಲ್ಲಿ ಕೂತಿದ್ದ ನನ್ನ ಕಡೆ ತಿರುಗಿದರು.

"ಎಷ್ಟು ವರ್ಷದಿಂದ, ಮಾರಾಯ?"

"ಆರು ವರ್ಷ ಅಣ್ಣ. ನಿಮಗೆ ಬೇಜಾರಾಗ್ಬಾರ್ದು ಅಂತ..."

"ಹೊಸಮನೆಯೋರನ್ನ ನಾನು ಮೈಕಲ್ಲಿ ಆಡ್ಕೊಂಡಾಗ ನೀನು ಪಕ್ಕದಲ್ಲೇ ಇದ್ಯಲ್ಲ. ಆಗಾದ್ರೂ ಹೇಳ್ಬಾರ್ದಿತ್ತಾ?"

ನನಗೆ ನಾಚಿಕೆಯಾಯಿತು.

ಸಿ.ಡಿ. ಬಂತು. ಅದರಲ್ಲಿ ಭಾಷಣವಿಲ್ಲ. ಹೊಸಮನೆಯವರ ಮನೆಗೆ ತಾವೇ ಹೋಗಿ, ಕ್ಷಮೆ ಕೇಳಿ ಕರೆತಂದು, ಎರಡು ಹಾಡು ಜೊತೆಯಲ್ಲಿ ಹಾಡಿದ್ದಾರೆ. ಇಬ್ಬರ ದನಿಯೂ ಅಲ್ಲಲ್ಲಿ ನಡುಗುತ್ತದೆ, ಇಬ್ಬರೂ ಅದನ್ನು ಮುಚ್ಚಿಡಲು ಹೋಗಿಲ್ಲ. ನಾನು ಅಂಗಡಿಯಲ್ಲಿ ಕೊಂಡು ತಂದು ಮನೆಯಲ್ಲಿ ಕೂತು ಕೇಳಿದೆ. ಅವರು ಹಾಡಿದ್ದರಲ್ಲೆಲ್ಲ ಅದೇ ಚೆನ್ನಾಗಿದೆ, ಅದರಲ್ಲಿ ನಾನಿಲ್ಲ. ಅವರು ನನ್ನನ್ನು ಮತ್ತೆ ಕರೆಯಲಿಲ್ಲ.