ಉಪ್ಪುನೀರಿನಲ್ಲಿ ನೆನೆಸಿದ ಮೆಂತ್ಯ

ಬೀದರಿನಿಂದ ಜೀಪು ಹಿಡಿದು ನ್ಯಾಲ್ಕಲ್ ಕಡೆಯ ಹಳ್ಳಿಯಲ್ಲಿ ಇಳಿದಾಗ ಸಂಜೆಯ ಚಳಿ ಶುರುವಾಗಿತ್ತು. ಜಹೀರಾಬಾದಿನ ಮೂಲಕ ತಾಂಡೂರಿಗೆ, ಸೋದರಮಾವನ ಮನೆಗೆ ಹೊರಟವಳು ನಾನು. ಆ ರಾತ್ರಿ ಚಿಕ್ಕಮ್ಮನ ಮಗಳು ಕಾಶಮ್ಮನ ಮನೆಯಲ್ಲಿ ಉಳಿದೆ. ಬಿಸಿ ರೊಟ್ಟಿ, ಪುಂಡಿಪಲ್ಯ.

ಅವಳ ಬೋರಿನ ನೀರು ಈಚೆಗೆ ಉಪ್ಪಾಗಿದೆ. ಹಿತ್ತಲ ಮಡಿಯಲ್ಲಿ ಎರಡು ಸಲ ಹಾಕಿದ ಮೆಂತ್ಯ ಏಳಲಿಲ್ಲ. "ಈ ಸಲನೂ ಏಳಲಿಲ್ಲಂದ್ರ ಅಲ್ಲಿ ಕುರಿ ಕಟ್ತೀನಿ," ಎಂದಿದ್ದ ಅವಳ ಗಂಡ ಮಲ್ಲಪ್ಪ. ಕೈತೋಟದ ತರಬೇತಿಯಲ್ಲಿ ಕಲಿತದ್ದನ್ನು ನಾನು ಹೇಳಿದೆ: ಚೂರೇ ಉಪ್ಪು ಕರಗಿಸಿದ ಸಿಹಿನೀರಿನಲ್ಲಿ ಬೀಜ ರಾತ್ರಿ ನೆನೆಸಿ, ತೊಳೆದು, ನೆರಳಲ್ಲಿ ಆರಿಸಿ ಬಿತ್ತಿದರೆ, ಉಪ್ಪುನೀರು ಉಣಿಸಿದರೂ ಮೊಳೆಯುವುದು ಸುಲಭ. ಡಬ್ಬಿಯಲ್ಲಿ ಉಳಿದಿದ್ದುದು ಒಂದು ಹಿಡಿ. ಹೋಲಿಸಿ ನೋಡಲು ಸ್ವಲ್ಪ ಒಣಬೀಜ ತೆಗೆದಿಟ್ಟು, ಮಿಕ್ಕಿದ್ದನ್ನು ಸ್ಟೀಲ್ ಲೋಟದಲ್ಲಿ ನೆನೆಯಿಟ್ಟೆವು.

ಬೆಳಗ್ಗೆ ಲೋಟದಲ್ಲಿ ನೀರಿಲ್ಲ. ಬೀಜವೂ ಅರ್ಧ. ಕಟ್ಟೆಯ ಮೇಲೆ ಕಾಶಮ್ಮನ ಮಾವ ಬಾಯಿ ಒರೆಸಿಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆಗೆಂದು ದಿನವೂ ಮೆಂತ್ಯದ ನೀರು ಕುಡಿದು ಬೀಜ ಅಗಿಯುವ ರೂಢಿ ಅವರದು.

"ಅಯ್ಯೋ ಮಾವಾ, ಅದು ಬಿತ್ತಾಕ ಇಟ್ಟಿದ್ದು!" ಎಂದಳು ಕಾಶಮ್ಮ.

"ನನಗೇನ್ ಗೊತ್ತವ್ವ? ಇವತ್ತ ಜರಾ ಉಪ್ಪ ಜಾಸ್ತಿ ಆಗ್ಯಾದ ಅಂದ್ಕೊಂಡೆ."

ನಾನು ಅವರ ಹತ್ತಿರ ಹೋದೆ. ಹಾಕಿದ್ದು ಚಿಟಿಕೆ ಅಡಿಗೆ ಉಪ್ಪೆಂದು ಗೊತ್ತಿದ್ದರೂ, "ತಲಿ ತಿರಗ್ತದೇನ್ರಿ?" ಎಂದು ಮತ್ತೆ ಮತ್ತೆ ಕೇಳಿದೆ.

"ಚಾ ಕೊಟ್ರ ತಿರಗೂದಿಲ್ಲ," ಎಂದರು.

ಮಲ್ಲಪ್ಪ ಹೊಟ್ಟೆ ಹಿಡಿದು ನಕ್ಕ. "ಅಕ್ಕಾರ, ನಮ್ಮಪ್ಪನ್ನೇ ಬಿತ್ರಿ. ಗ್ಯಾರಂಟಿ ಏಳ್ತಾನ."

ಕಾಶಮ್ಮ ನಗಲಿಲ್ಲ. ಉಳಿದ ಬೀಜ ತೊಳೆದು, ಟವೆಲಿನ ಮೇಲೆ ಹರಡಿ ಆರಿಸಿದಳು. ಆರಿದ ಮೇಲೆ ಅದಕ್ಕೊಂದು ಸಾಲು, ಒಣಬೀಜಕ್ಕೊಂದು ಸಾಲು. ಎರಡಕ್ಕೂ ಅದೇ ಉಪ್ಪುನೀರು.

ಮಧ್ಯಾಹ್ನ ಜಹೀರಾಬಾದಿನಲ್ಲಿ ತಾಂಡೂರಿನ ಬಸ್ಸು ಸಿಕ್ಕಿತು. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಪರಸಿ ಬಂಡೆಯ ಧೂಳು, ಒಳ್ಳೆಯ ತೊಗರಿಬೇಳೆಯ ಊಟ. ಸಂತೆಯಲ್ಲಿ ಮೆಂತ್ಯಸೊಪ್ಪಿನ ಸಿವುಡು ಕಂಡಲ್ಲೆಲ್ಲ ನಾನು ನಿಂತುಬಿಡುತ್ತಿದ್ದೆ.

ವಾರದೊಳಗೆ ಅದೇ ದಾರಿಯಲ್ಲಿ ತಿರುಗಿ ಬಂದೆ. ಜೀಪಿನವನಿಗೆ ನಿಲ್ಲಲು ಹೇಳಿ ಹಿತ್ತಲಿಗೆ ಓಡಿದೆ. ಒಣಬೀಜದ ಸಾಲಿನಲ್ಲಿ ಎರಡೋ ಮೂರೋ ಮೊಳಕೆ. ನೆನೆಸಿದ ಸಾಲಿನಲ್ಲಿ ನಡುನಡುವೆ ಖಾಲಿ ಇದ್ದರೂ ಹಸಿರೆದ್ದಿತ್ತು. ಒಂದೇ ಸಾಲು ನೋಡಿ ಗೆದ್ದೆವೆನ್ನಲಾರೆ. ಅವು ಸೊಪ್ಪಾಗುವತನಕ ಉಪ್ಪು ತಾಳಬೇಕು. ಕಾಶಮ್ಮ ನನ್ನ ಕೈ ಹಿಡಿದುಕೊಂಡಳು.

ಜೀಪು ಹೊರಟಾಗ ಹಿಂತಿರುಗಿ ನೋಡಿದೆ. ಕುರಿಯೊಂದು ಮಡಿಯ ಕಡೆ ಮೂತಿ ಚಾಚಿತ್ತು. ಮಲ್ಲಪ್ಪ ಹೆಗಲ ಟವೆಲು ಬೀಸುತ್ತ ಅದರತ್ತ ಓಡುತ್ತಿದ್ದ: "ಏ, ಹೊರಗ ನಡಿ! ಅದು ನಿನ್ನ ಜಾಗಾ ಅಲ್ಲ!"